ಕಾಲ್ಚೆಂಡಿನ ಬಯಲೂ ನೋಟಕರ ಪಾಲೂ

ಊರಿನಲ್ಲಿ ಒಂದು ನಾಟಕವೋ ಆಟವೋ ನಡೆಯುವುದಾದರೆ ಅದರ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಇದಕ್ಕೊಂದು ನಿಯಮವು ಕಾಣಬರುತ್ತದೆ. ಊರವರು ಕೂಡಿ ಏರ್ಪಡಿಸಿದ ಪ್ರೇಕ್ಷೆಗೆ, ಎಂದರೆ ನೋಟಕ್ಕೆ, ತನ್ನ ಪಾಲನ್ನು ಕೊಡದವನು ತಾನೂ ನೋಡಕೂಡದು, ಅವನ ಮನೆಯವರೂ ನೋಡಕೂಡದು. ಮರೆಯಲ್ಲಿ ನಿಂತು ಕೇಳಿದರೆ ಅಥವಾ ನೋಡಿದರೆ ಪಾಲಿನ ಇಮ್ಮಡಿಯನ್ನು ತೆರಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಈ ಗ್ರಂಥದ ಓಲೆಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದುದು ವಾಚಕರಿಗೆ ತಿಳಿದೇ ಇದೆ. ರಾಜ್ಯತಂತ್ರಕ್ಕೆ ಹೆಸರಾದ ಆ ಪುಸ್ತಕದಲ್ಲಿ ಹಳ್ಳಿಯ ಆಟದ ಲೆಕ್ಕಕ್ಕೂ ಸ್ಥಳವಿರುವುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಇಲ್ಲಿ ಮುಖ್ಯವಾದುದು ಪಾಲು ಎಂಬ ಮಾತು. ಶಾಸ್ತ್ರಕಾರನು ಅದನ್ನು ಬೆಲೆಯೆನ್ನದೆ ಅಂಶವೆಂದನು. ಬೆಲೆ ಕೊಟ್ಟವನು ಗಿರಾಕಿ. ಅಂಶ ಕೊಟ್ಟವನು ಒಡೆಯರಲ್ಲಿ ಒಬ್ಬನು.

ಈ ನಿಯಮವು ಈಚೆಗೆ ನನಗೆ ಮತ್ತೆ ಮತ್ತೆ ನೆನಪಾಗುವುದಕ್ಕೆ ಕಾರಣ ಕಾಲ್ಚೆಂಡಾಟ. ಫುಟ್‌ಬಾಲ್ ಎಂದರೇ ಎಲ್ಲರಿಗೂ ತಿಳಿಯುವುದರಿಂದ ಮುಂದೆ ಆ ಹೆಸರನ್ನೇ ಬಳಸುವೆನು. ನಮ್ಮ ಸಾದಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿಯ ಊರು. ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆ, ಪಾತಾಳಕ್ಕಿಳಿದ ಕೊಳವೆಬಾವಿ, ಒಂದೇ ಜಗಲಿಯ ಮೇಲೆ ತೆಲುಗು ಕನ್ನಡ ಎರಡೂ ಮಾತು, ಇವು ಈ ಸೀಮೆಯ ಲಕ್ಷಣ. ಇಲ್ಲಿಯ ಹುಡುಗರು ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟುಗಳನ್ನು ಆಡುವರೇ ಹೊರತು ಫುಟ್‌ಬಾಲಿಗೆ ಇಲ್ಲಿ ಹೆಸರಿಲ್ಲ. ಆದರೂ ಜನ ಕೂಡಿದರೆ ಮಾತ್ರ ಬೆಲೆ ಎಂಬ ತತ್ತ್ವವನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೀಲರುಗಳು ಬಾರದ ದಿನ ಎಂತಹ ಒಳ್ಳೆಯ ಗೂಡಿಗೂ ಧಾರಣೆಯಿಲ್ಲವೆಂಬುದು ಮಗುವಿಗೂ ಗೊತ್ತು.

ನನ್ನ ತಂಗಿಯ ಕಿರಿಯ ಮಗನು ಬೆಂಗಳೂರಿನಲ್ಲಿ ಓದುತ್ತ, ಒಂದು ಚಿಕ್ಕ ಫುಟ್‌ಬಾಲ್ ಸಂಘದಲ್ಲಿ ಆಡುತ್ತಿದ್ದಾನೆ. ಓದು ಮುಗಿದ ಮೇಲೆ ಆಟವನ್ನೇ ಜೀವನೋಪಾಯ ಮಾಡಿಕೊಳ್ಳುವೆನೆಂದು ಅವನು ಹಟ ಹಿಡಿದನು. “ಅಣ್ಣಾ, ನೀನೇ ಒಂದು ಸಲ ಹೋಗಿ ನೋಡಿಕೊಂಡು ಬಾ. ಅದರಲ್ಲಿ ಅನ್ನ ಉಂಟೋ ಇಲ್ಲವೋ ತಿಳಿದು ಹೇಳು” ಎಂದು ತಂಗಿ ಹೇಳಿ ಕಳುಹಿಸಿದಳು. ಅನ್ನದ ಪ್ರಶ್ನೆ ಬಂದರೆ ಆಯವ್ಯಯದ ಪ್ರಶ್ನೆಯೂ ಬಂದಂತೆಯೇ. ಆದುದರಿಂದ ಆಟವನ್ನು ನೋಡುವುದಕ್ಕಿಂತ ಹೆಚ್ಚಾಗಿ ನೋಡುವವರನ್ನು ನೋಡುವುದಕ್ಕೆಂದೇ ಹೊರಟೆನು.

ಸಾದಲಿಯಿಂದ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ವಿಜಯಪುರ, ದೇವನಹಳ್ಳಿಗಳ ಮೇಲೆ ಹೋಗುವ ಬಸ್ಸನ್ನು ಹಿಡಿದೆನು. ನೇರಳೆಸೊಪ್ಪಿನ ಹಸುರು ಮುಗಿದು ದ್ರಾಕ್ಷಿಯ ಚಪ್ಪರಗಳು ಬರುತ್ತವೆ. ದ್ರಾಕ್ಷಿ ಮುಗಿಯುವಷ್ಟರಲ್ಲಿ ವಿಮಾನ ನಿಲ್ದಾಣದ ಹೆದ್ದಾರಿಯು ಎದುರಾಗಿ, ಅಲ್ಲಿಂದ ಮುಂದೆ ಭೂಮಿಯೆಂಬುದು ಕಟ್ಟಡಗಳ ಸಂದಿಯಲ್ಲಿ ಮಾತ್ರ ಕಾಣುತ್ತದೆ. ಮಹಾತ್ಮಾ ಗಾಂಧಿ ರಸ್ತೆಯಿಂದ ಕಾಲ್ನಡಿಗೆಯಲ್ಲಿ ಅಶೋಕನಗರಕ್ಕೆ ಹೋದರೆ ಅಂಗಡಿಯ ಮಾಳಿಗೆಗಳ ನಡುವೆ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವಿದೆ. ವಾರದ ದಿನ, ಮಧ್ಯಾಹ್ನ. ಜಿಲ್ಲಾ ಲೀಗಿನ ಒಂದು ಪಂದ್ಯ ನಡೆಯುತ್ತಿದ್ದಿತು. ಸಹಸ್ರಾರು ಮಂದಿ ಕುಳಿತುಕೊಳ್ಳಬಹುದಾದ ಮೆಟ್ಟಿಲುಗಳ ಮೇಲೆ, ಎಣಿಸುವ ಶ್ರಮವಿಲ್ಲದೆ ಎಣಿಸಿ ಮುಗಿಸಬಹುದಾದಷ್ಟು ಜನರು ಅಲ್ಲಲ್ಲಿ ಕುಳಿತಿದ್ದರು. ಚೆಂಡನ್ನು ಒದೆಯುವ ಸದ್ದೂ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವ ದನಿಯೂ ಮೇಲಿನ ಸಾಲಿಗೆ ಸ್ಪಷ್ಟವಾಗಿ ಕೇಳುತ್ತಿದ್ದುವು. ಆಟವೇನೋ ಚುರುಕಾಗಿಯೇ ಇದ್ದಿತು. ಪಕ್ಕದಲ್ಲಿ ಕುಳಿತಿದ್ದ ಆಸ್ಟಿನ್ ಟೌನಿನ ವೃದ್ಧರೊಬ್ಬರು, “ಸಾರ್, ನಾವು ಹುಡುಗರಾಗಿದ್ದಾಗ ಕೂರೋಕೆ ಜಾಗ ಸಿಕ್ಕುತ್ತಿರಲಿಲ್ಲ. ಈಗ ಮಲಗಿಕೊಂಡು ನೋಡಬಹುದು” ಎಂದು ನಕ್ಕರು.

ಅವರ ಮಾತು ಕೇವಲ ಮುಪ್ಪಿನ ಹಂಬಲವಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಿಳಿಯರ ಪಟಾಲಂಗಳಿಂದ ಕಲಿತ ಈ ಆಟವನ್ನು ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರ ಮುಂತಾದ ಬಡಾವಣೆಗಳ ಹುಡುಗರು ಬರಿಗಾಲಿನಲ್ಲಿ ಆಡಿ ತಮ್ಮದಾಗಿ ಮಾಡಿಕೊಂಡರು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ೧೯೪೮ರಲ್ಲಿ ಪುನಃ ಗೆದ್ದಿತು. ೧೯೪೬–೪೭ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡವು ಬೆಂಗಳೂರಿನಲ್ಲಿಯೇ ಬಂಗಾಳವನ್ನು ಸೋಲಿಸಿತು. ೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತವು ಫ್ರಾನ್ಸಿಗೆ ೨–೧ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇಷ್ಟು ಹೆಸರು ಗಳಿಸಿದ ಊರಿನಲ್ಲಿ ಆಟಗಾರರು ನಿಲ್ಲಬೇಕಾಗಿತ್ತಲ್ಲವೇ? ನಿಲ್ಲಲಿಲ್ಲ. ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್ ಸಂಘದ ಮುಂಚೂಣಿಯ ಐವರನ್ನು ಜನರು ಪಂಚಪಾಂಡವರೆಂದು ಕೊಂಡಾಡುತ್ತಿದ್ದರು. ಅವರಲ್ಲಿ ಅಹಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರು. ಅಲ್ಲಿ ಬಯಲಿನ ಸುತ್ತ ಜನಸಾಗರ, ಆ ಜನದ ಹಿಂದೆ ಹಣ. ನೀರಿರುವ ಕಡೆಗೆ ಹಕ್ಕಿ ಹಾರುವುದು ಸಹಜ.

ಊರಿನಲ್ಲಿ ಉಳಿದವರಿಗೆ ಆಸರೆಯಾದುವು ಕಾರ್ಖಾನೆಗಳು. ಹಿಂದೂಸ್ತಾನ್ ಏರೋನಾಟಿಕ್ಸ್, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಲಾದ ಸರಕಾರಿ ಸಂಸ್ಥೆಗಳು ಒಳ್ಳೆಯ ಆಟಗಾರನಿಗೆ ನೌಕರಿ ಕೊಟ್ಟು ತಂಡಗಳನ್ನು ಕಟ್ಟಿದುವು. ೧೯೭೭ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನಿನ ಎದುರು ಗೆದ್ದುದು ನಮ್ಮ ಟೆಲಿಫೋನ್ ಕಾರ್ಖಾನೆಯ ತಂಡವೇ. ಇದರಿಂದ ಎಷ್ಟೋ ಬಡ ಸಂಸಾರಗಳು ನೆಲೆ ಕಂಡುವು; ಆ ಉಪಕಾರವನ್ನು ಮರೆಯಲಾಗದು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಇಂತಹ ತಂಡಕ್ಕೆ ನೋಟಕರು ಬಂದರೂ ಒಂದೇ, ಬಾರದಿದ್ದರೂ ಒಂದೇ. ಸಂಬಳ ಬರುವುದು ಕಾರ್ಖಾನೆಯ ಖಜಾನೆಯಿಂದ. ಆಟಗಾರನು ನೋಟಕನ ಮುಖವನ್ನು ನೋಡಬೇಕಾಗಿಲ್ಲ, ನೋಟಕನು ಆಟಗಾರನನ್ನು ತನ್ನವನೆನ್ನಬೇಕಾಗಿಲ್ಲ. ಮೊಬೈಲು ಬಂದು ಹಳೆಯ ಟೆಲಿಫೋನಿನ ಕಾಲ ಮುಗಿದಾಗ, ಸಂಸ್ಥೆಗಳು ಹೊಸ ಆಟಗಾರರಿಗೆ ನೌಕರಿ ಕೊಡುವುದು ವಿರಳವಾದಾಗ, ತಂಡಗಳೂ ಸೊರಗಿದುವು. ಹಿಂದೂಸ್ತಾನ್ ಏರೋನಾಟಿಕ್ಸ್ ತಂಡವು ೨೦೧೦ರಿಂದ ಎರಡು ಋತುಗಳ ಕಾಲ ರಾಷ್ಟ್ರದ ಐ-ಲೀಗಿನಲ್ಲಿ ಆಡಿ ೨೦೧೨ರಲ್ಲಿ ಕೆಳಕ್ಕಿಳಿಯಿತು.

ಪಂದ್ಯ ಮುಗಿದ ಮೇಲೆ ಸೋದರಳಿಯನನ್ನು ಅವನ ಸಂಘದ ವಿಚಾರ ಕೇಳಿದೆನು. “ಮಾವ, ನಮ್ಮಲ್ಲಿ ಸಂಬಳ ಅಂತ ಇಲ್ಲ. ಬೂಟು, ಬಸ್ಸಿನ ಖರ್ಚು, ಆಟದ ದಿನ ಊಟ ಕೊಡುತ್ತಾರೆ. ನಮ್ಮ ಯಜಮಾನರ ಅಂಗಡಿ ಚೆನ್ನಾಗಿ ನಡೆದರೆ ಸಂಘವೂ ನಡೆಯುತ್ತೆ” ಎಂದನು. ಹುಡುಗನು ಸಹಜವಾಗಿ ಹೇಳಿದ ಈ ಕಡೆಯ ವಾಕ್ಯದಲ್ಲಿ ರೋಗದ ನಿದಾನವೆಲ್ಲ ಅಡಗಿದೆ.

ಇನ್ನು ಈ ಆಟವನ್ನು ನಮಗೆ ತಂದವರ ನಾಡಿನ ಕಡೆಗೆ ಸ್ವಲ್ಪ ನೋಡೋಣ. ನಮ್ಮ ದೇಶದ ಹಳೆಯ ಪಂದ್ಯಾವಳಿಯಾದ ಡ್ಯೂರಾಂಡ್ ಕಪ್ಪು ೧೮೮೮ರಲ್ಲಿ ಸಿಮ್ಲಾದಲ್ಲಿ ಆರಂಭವಾದಾಗ ಅಂತಿಮ ಪಂದ್ಯದಲ್ಲಿ ಎದುರುಬದುರಾದ ಎರಡೂ ಪಟಾಲಂಗಳು ಸ್ಕಾಟ್ಲೆಂಡಿನವೇ. ಆ ಸ್ಕಾಟ್ಲೆಂಡು ನಮ್ಮ ರಾಜ್ಯದ ಅರ್ಧಕ್ಕಿಂತಲೂ ಚಿಕ್ಕದು. ಅಲ್ಲಿ ನಾಲ್ಕು ಅಂತಸ್ತಿನ ಲೀಗಿನಲ್ಲಿ ೪೨ ಸಂಘಗಳು ಆಡುತ್ತವೆ. ಗ್ಲಾಸ್ಗೋ ನಗರದ ಸೆಲ್ಟಿಕ್, ರೇಂಜರ್ಸ್ ಎಂಬ ಎರಡು ದೊಡ್ಡ ಸಂಘಗಳಿಗೆ ಐವತ್ತು ಸಾವಿರ ನೋಟಕರು ಕೂಡುವುದು ಸಾಮಾನ್ಯ. ಆದರೆ ಕೆಳಗಿನ ಅಂತಸ್ತುಗಳ ಎಷ್ಟೋ ಸಂಘಗಳಿಗೆ ಕೆಲವು ನೂರು ಮಂದಿ ಬಂದರೆ ಅದೇ ಸಂತೆ. ಅಷ್ಟರಿಂದಲೇ ಅವು ನೂರು ವರ್ಷಕ್ಕೂ ಮೇಲ್ಪಟ್ಟು ಬದುಕಿವೆಯೆಂಬುದೇ ಸೋಜಿಗ.

ಬದುಕುವ ಬಗೆಯನ್ನು ಗೃಹಸ್ಥರಾದ ವಾಚಕರು ಮನೆಯ ಲೆಕ್ಕದಂತೆ ನೋಡಬಹುದು. ಕೆಳಗಿನ ಅಂತಸ್ತಿನ ಸಂಘವು ವರ್ಷಕ್ಕೆ ೩೬ ಲೀಗ್ ಪಂದ್ಯಗಳನ್ನು ಆಡುವುದು. ಅವುಗಳಲ್ಲಿ ೧೮ ಸ್ವಂತ ಬಯಲಿನಲ್ಲಿ. ಉದಾಹರಣೆಗೆ, ಪ್ರತಿ ಪಂದ್ಯಕ್ಕೂ ೫೦೦ ಮಂದಿ ಬಂದು ತಲಾ ೧೫ ಪೌಂಡು ಕೊಟ್ಟರೆಂದು ಇಟ್ಟುಕೊಳ್ಳೋಣ. ಒಂದು ದಿನಕ್ಕೆ ೭,೫೦೦ ಪೌಂಡು. ವರ್ಷಕ್ಕೆ ೧,೩೫,೦೦೦ ಪೌಂಡು. ಇದರಲ್ಲಿ ಆಟಗಾರರ ಭತ್ಯ, ತೀರ್ಪುಗಾರರ ವೆಚ್ಚ, ದೀಪ, ಹುಲ್ಲು, ಕಾವಲಿನವರ ಕೂಲಿ, ದೂರದ ಊರಿಗೆ ಬಸ್ಸಿನ ಬಾಡಿಗೆ ಎಲ್ಲವೂ ಆಗಬೇಕು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಶನಿವಾರದ ಪಂದ್ಯವು ವಾರದ ನಡುವಿನ ರಾತ್ರಿಗೆ ಮುಂದೆ ಹೋದರೆ ಬರುವವರು ಕಡಮೆಯಾಗುವರು. ಹುಳು ಹಣ್ಣಾಗುವ ವೇಳೆಗೆ ಸೊಪ್ಪು ಕೈಕೊಟ್ಟಂತೆ ಕೋಶಾಧಿಕಾರಿಯ ಗತಿ. ಆದುದರಿಂದ ಅವರು ಬೇಸಗೆಯಲ್ಲಿಯೇ ಇಡೀ ವರ್ಷದ ಚೀಟಿಯನ್ನು ಮಾರಿ ಮುಂಗಡ ಹಣವನ್ನು ಕೂಡಿಸುವರು. ಬಿಸಿಯಾದ ಮಾಂಸದ ಕಡುಬು, ಪಾನೀಯ, ಪಂದ್ಯದ ವಿವರಗಳ ಪುಸ್ತಿಕೆ ಇವುಗಳನ್ನು ಮಾರುವರು. ಬೇಲಿಯ ಮೇಲೆ ಊರಿನ ಕಟುಕ, ಬಡಗಿ, ಅಂಗಡಿಯವರ ಹೆಸರನ್ನು ಬರೆಯಿಸಿ ಕಾಸು ಪಡೆಯುವರು. ಲೀಗಿನ ಪಂದ್ಯದ ಬಾಗಿಲ ಹಣವು ಆತಿಥೇಯರಿಗೇ ಸಲ್ಲುವುದು. ಸ್ಕಾಟಿಷ್ ಕಪ್ಪಿನಲ್ಲಾದರೋ ಎರಡು ಸಂಘಗಳೂ ಹಂಚಿಕೊಳ್ಳುವುವು. ಆದಕಾರಣ ಚೀಟಿಯೆತ್ತುವಾಗ ದೊಡ್ಡ ಸಂಘದ ಹೆಸರು ಎದುರಿಗೆ ಬರಲಿ, ಸೋತರೂ ಚಿಂತೆಯಿಲ್ಲ ಎಂದು ಚಿಕ್ಕ ಸಂಘದವರು ಹಾರೈಸುವರು. ೨೦೧೨ರಲ್ಲಿ ಸಾಲದಿಂದ ಕುಸಿದ ರೇಂಜರ್ಸ್ ತಂಡವು ಕೊನೆಯ ಅಂತಸ್ತಿನಿಂದ ಆಡಬೇಕಾಗಿ ಬಂದಾಗ ಚಿಕ್ಕ ಊರುಗಳಿಗೆಲ್ಲ ಸುಗ್ಗಿಯಾಯಿತು. ಎಲ್ಗಿನ್ ಎಂಬ ಊರಿನವರು ಆ ಸುಗ್ಗಿಯ ಭರದಲ್ಲಿ ಬಯಲು ಹಿಡಿಯುವುದಕ್ಕಿಂತ ಹೆಚ್ಚು ಚೀಟಿಗಳನ್ನು ಮಾರಿ, ಕಡೆಗೆ ಪಂದ್ಯವನ್ನೇ ಮುಂದಕ್ಕೆ ಹಾಕಬೇಕಾಯಿತು!

ಈ ಹನಿಹನಿಯ ಆದಾಯವನ್ನು ತಾತ್ಸಾರ ಮಾಡಿ ಒಬ್ಬನ ಬೊಕ್ಕಸವನ್ನು ನಂಬಿದರೆ ಏನಾಗುವುದೆಂಬುದಕ್ಕೆ ಗ್ರೆಟ್ನಾ ಎಂಬ ಊರು ನಿದರ್ಶನ. ಇದು ಇಂಗ್ಲೆಂಡಿನ ಗಡಿಗೆ ಅಂಟಿಕೊಂಡಂತಿರುವ ಚಿಕ್ಕ ಊರು. ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಇಂಗ್ಲೆಂಡಿನಲ್ಲಿ ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಮದುವೆ ಕೂಡದೆಂಬ ಕಾನೂನು ೧೭೫೪ರಲ್ಲಿ ಜಾರಿಗೆ ಬಂದಾಗ ಪ್ರೇಮಿಗಳು ಗಡಿ ದಾಟಿ ಓಡಿಬಂದು ಇಲ್ಲಿಯ ಕಮ್ಮಾರನ ಅಡಿಗಲ್ಲಿನ ಮುಂದೆ ಮದುವೆಯಾಗುತ್ತಿದ್ದರು. ನಮ್ಮ ಧರ್ಮಶಾಸ್ತ್ರದ ಗಾಂಧರ್ವವಿವಾಹಕ್ಕೆ ಇದಕ್ಕಿಂತ ಪ್ರಸಿದ್ಧವಾದ ಕ್ಷೇತ್ರವಿರಲಾರದು. ಈ ಊರಿನ ಫುಟ್‌ಬಾಲ್ ಸಂಘವು ೧೯೪೬ರಲ್ಲಿ ಹುಟ್ಟಿ, ೨೦೦೨ರಲ್ಲಿ ಸ್ಕಾಟಿಷ್ ಲೀಗಿಗೆ ಸೇರಿತು. ಬ್ರೂಕ್ಸ್ ಮೈಲ್ಸನ್ ಎಂಬ ಧನಿಕರು ಉದಾರವಾಗಿ ಹಣ ಸುರಿದರು. ೨೦೦೫, ೨೦೦೬, ೨೦೦೭ ಹೀಗೆ ಮೂರು ವರ್ಷಗಳಲ್ಲಿ ಮೂರು ಅಂತಸ್ತುಗಳನ್ನು ಹತ್ತಿ ತಂಡವು ಅತ್ಯುನ್ನತ ಪಂಕ್ತಿಗೆ ಏರಿತು. ೨೦೦೬ರಲ್ಲಿ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯವನ್ನೂ ಆಡಿತು.

ಆದರೆ ಮೇಲಿನ ಪಂಕ್ತಿಗೆ ತಕ್ಕ ಬಯಲು ಊರಿನಲ್ಲಿರಲಿಲ್ಲ. ನೂರು ಕಿಲೋಮೀಟರಿಗೂ ದೂರದ ಮದರ್‌ವೆಲ್ಲಿನಲ್ಲಿ ಬಯಲನ್ನು ಬಾಡಿಗೆಗೆ ಹಿಡಿದು, ಅದನ್ನೇ ಸ್ವಂತ ಬಯಲೆಂದು ಕರೆದು ಆಡಿದರು. ಊರ ತಂಡವನ್ನು ನೋಡುವುದಕ್ಕೆ ಊರವರೇ ಪರಸ್ಥಳಕ್ಕೆ ಹೋಗಬೇಕಾಯಿತು. ೨೦೦೮ರ ಮೊದಲಿನಲ್ಲಿ ಮೈಲ್ಸನ್ನರು ಕಾಯಿಲೆ ಬಿದ್ದರು, ಹಣ ನಿಂತಿತು. ಮಾರ್ಚಿಯಲ್ಲಿ ಸಂಘದ ಆಡಳಿತವು ಸಾಲಗಾರರ ಪರವಾಗಿ ನೇಮಕವಾದವರ ಕೈಗೆ ಹೋಯಿತು. ಏಪ್ರಿಲಿನ ಒಂದು ಪಂದ್ಯಕ್ಕೆ ಬಂದ ನೋಟಕರು ೪೩೧. ಆ ದೇಶದ ಪ್ರೀಮಿಯರ್ ಲೀಗಿನ ಚರಿತ್ರೆಯಲ್ಲಿ ಅಷ್ಟು ಕಡಮೆ ಜನ ಹಿಂದೆ ಎಂದೂ ಬಂದಿರಲಿಲ್ಲ. ಆ ಬೇಸಗೆಯಲ್ಲಿಯೇ ಸಂಘವು ಮುಚ್ಚಿತು; ನವೆಂಬರಿನಲ್ಲಿ ಮೈಲ್ಸನ್ನರೂ ತೀರಿಕೊಂಡರು. ಅವರ ಔದಾರ್ಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದಾನವು ದೊಡ್ಡದಾದಷ್ಟೂ ಪಾಲುಗಾರರು ಉದಾಸೀನರಾಗುವರು. ದಾನಿಯ ಆಯುಸ್ಸೇ ಸಂಸ್ಥೆಯ ಆಯುಸ್ಸಾಗುವುದು. ಕಡೆಗೆ ಆ ಸಂಘವನ್ನು ಬೂದಿಯಿಂದ ಎತ್ತಿದವರು ಯಾರು? ಊರಿನ ನೋಟಕರೇ. ಅವರು ಕೂಡಿ ‘ಗ್ರೆಟ್ನಾ ೨೦೦೮’ ಎಂಬ ಹೊಸ ಸಂಘವನ್ನು ಕಟ್ಟಿ, ಕೆಳಗಿನ ಲೀಗಿನಿಂದ ಪುನಃ ಪ್ರಾರಂಭಿಸಿದರು.

ಇದಕ್ಕೆ ಪ್ರತಿಯಾಗಿ ಆರ್ಬ್ರೋತ್ ಎಂಬ ಊರನ್ನು ನೋಡಬಹುದು. ಉತ್ತರ ಸಮುದ್ರದ ದಡದ ಮೇಲೆಯೇ ಇರುವ ಅದರ ಬಯಲಿಗೆ ಗಾಳಿ ಬೀಸಿದರೆ ತೆರೆಯ ಹನಿಗಳು ಬಂದು ಬೀಳುವುವು. ೧೮೭೮ರಲ್ಲಿ ಸ್ಥಾಪಿತವಾದ ಆ ಸಂಘವು ೧೮೮೫ರ ಸೆಪ್ಟೆಂಬರ್ ೧೨ರಂದು ಬಾನ್ ಅಕಾರ್ಡ್ ಎಂಬ ತಂಡವನ್ನು ೩೬–೦ ಗೋಲುಗಳಿಂದ ಸೋಲಿಸಿ ಲೋಕಪ್ರಸಿದ್ಧವಾಯಿತು. ೨೦೨೧–೨೨ರಲ್ಲಿ ಎರಡನೆಯ ಅಂತಸ್ತಿನ ಲೀಗಿನಲ್ಲಿ ಅದು ಎರಡನೆಯ ಸ್ಥಾನಕ್ಕೆ ಬಂದಾಗ ಅದರ ಆಟಗಾರರು ಬೇರೆ ಕಸುಬುಗಳನ್ನು ಇಟ್ಟುಕೊಂಡು, ಬಿಡುವಿನಲ್ಲಿ ಅಭ್ಯಾಸ ಮಾಡಿ ಶನಿವಾರ ಆಡುವವರಾಗಿದ್ದರು. ಇದು ನನ್ನ ತಂಗಿಗೆ ಹೇಳಬೇಕಾದ ಉತ್ತರವನ್ನು ನನಗೆ ಒದಗಿಸಿತು. “ಆಡಲಿ, ಬಿಡಿಸಬೇಡ. ಆದರೆ ಅನ್ನಕ್ಕೆ ಬೇರೊಂದು ವಿದ್ಯೆ ಕೈಯಲ್ಲಿರಲಿ. ಅದರಿಂದ ಆಟಕ್ಕೂ ಅಗೌರವವಿಲ್ಲ, ಅವನಿಗೂ ಅಗೌರವವಿಲ್ಲ” ಎಂದೆನು. ಹುಡುಗನಿಗೆ ಇದು ಪೂರ್ಣವಾಗಿ ಒಪ್ಪಿಗೆಯಾಗಿಲ್ಲ. ಆದರೂ ಪರೀಕ್ಷೆಗೆ ಕಟ್ಟಿದ್ದಾನೆ.

ನಮ್ಮ ಬೆಂಗಳೂರಿನಲ್ಲಿ ಜನರು ಬರುವುದೇ ಇಲ್ಲವೆಂದು ಹೇಳಿದರೆ ಅಸತ್ಯವಾಗುವುದು. ೨೦೧೩ರಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆಯು ಬೆಂಗಳೂರು ಎಫ್.ಸಿ. ಎಂಬ ಸಂಘವನ್ನು ಕಟ್ಟಿತು. ಸೆಪ್ಟೆಂಬರ್ ೨೨ರಂದು ನಾನು ಹೇಳಿದ ಅಶೋಕನಗರದ ಬಯಲಿನಲ್ಲಿಯೇ ಅದು ಮೋಹನ್ ಬಾಗಾನಿನೊಡನೆ ೧–೧ರ ಸಮಪಂದ್ಯವನ್ನು ಆಡಿ ಲೀಗನ್ನು ಪ್ರವೇಶಿಸಿತು. ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. ಖಾಲಿಯಾಗಿದ್ದ ಮೆಟ್ಟಿಲುಗಳು ನೀಲಿ ಅಂಗಿಗಳಿಂದ ತುಂಬಿದುವು. ಅನಂತರ ಕಂಠೀರವ ಕ್ರೀಡಾಂಗಣಕ್ಕೆ ಹೋದ ಮೇಲೆ, ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡಿ ಕುಣಿಯುವ ಯುವಕರ ಗುಂಪೇ ಒಂದು ನೋಟವಾಯಿತು. ೨೦೧೬ರ ಅಕ್ಟೋಬರ್ ೧೯ರಂದು ಮಲೇಷಿಯಾದ ಜೋಹೋರ್ ತಂಡವನ್ನು ಅಲ್ಲಿ ೩–೧ರಿಂದ ಸೋಲಿಸಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದ ಪ್ರಥಮ ಭಾರತೀಯ ಸಂಘವೆಂಬ ಕೀರ್ತಿಯೂ ಅದಕ್ಕೆ ಸಂದಿತು.

ನೋಟಕನ ಬೆಲೆಯನ್ನು ಆಟಗಾರನೊಬ್ಬನು ಬಾಯಿಬಿಟ್ಟು ಹೇಳಿದ ಸಂದರ್ಭವೂ ಒಂದುಂಟು. ೨೦೧೮ರ ಜೂನ್ ೧ರಂದು ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು ೫–೦ಯಿಂದ ಸೋಲಿಸಿದಾಗ ನೋಡಲು ಬಂದವರು ೨,೫೬೯ ಮಂದಿ. ಮರುದಿನ ನಾಯಕನಾದ ಸುನಿಲ್ ಛೇತ್ರಿಯು, ನಮ್ಮನ್ನು ಬಯ್ಯುವುದಕ್ಕಾದರೂ ಬಯಲಿಗೆ ಬನ್ನಿ ಎಂಬ ಅರ್ಥದಲ್ಲಿ ಜನರನ್ನು ಕೈಮುಗಿದು ಬೇಡಿಕೊಂಡನು. ಜೂನ್ ೪ರಂದು ಕೀನ್ಯಾದ ಎದುರಿನ ಪಂದ್ಯಕ್ಕೆ ಚೀಟಿಗಳೆಲ್ಲ ಮುಗಿದುಹೋದುವು. ಮಳೆಯಲ್ಲಿ ನೆನೆಯುತ್ತ ಜನ ಕುಳಿತರು. ಅದು ಅವನ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಎರಡು ಗೋಲುಗಳನ್ನು ಅವನೇ ಹೊಡೆದನು. ಕರೆದರೆ ಬರುವ ಜನವಿದೆ. ಕರೆಯುವ ಅಭ್ಯಾಸವೂ ಬರುವ ಅಭ್ಯಾಸವೂ ತಪ್ಪಿವೆ, ಅಷ್ಟೆ.

ಆದರೂ ಜನರ ಉತ್ಸಾಹವೊಂದೇ ಸಾಲದು. ನಮ್ಮ ದೊಡ್ಡ ಸಂಘಗಳ ಉಸಿರು ನೋಟಕರ ಕಾಸಿನಲ್ಲಿಲ್ಲ. ಯಜಮಾನರ ಬಂಡವಾಳ, ದೂರದರ್ಶನದ ಹಕ್ಕು, ಜಾಹೀರಾತುಗಳಲ್ಲಿದೆ. ೨೦೨೫ರ ಜುಲೈಯಲ್ಲಿ ಲೀಗನ್ನು ನಡೆಸುವ ಹಕ್ಕಿನ ಒಪ್ಪಂದವು ಮುಂದುವರಿಯುವುದೋ ಇಲ್ಲವೋ ಎಂಬ ಅನಿಶ್ಚಯದಿಂದ ಇಂಡಿಯನ್ ಸೂಪರ್ ಲೀಗನ್ನು ತಡೆಹಿಡಿದರು. ಮುಂದಿನ ತಿಂಗಳು ಬೆಂಗಳೂರು ಎಫ್.ಸಿ.ಯು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಹಾಡುವ ಯುವಕರು ಹಾಗೆಯೇ ಇದ್ದರು, ಬಯಲು ಹಾಗೆಯೇ ಇತ್ತು. ಎಲ್ಲೋ ಒಂದು ಕಾಗದಕ್ಕೆ ಸಹಿ ಬೀಳದಿದ್ದುದರಿಂದ ಆಟ ನಿಂತಿತು. ಐನೂರು ಮಂದಿಯ ಕಾಸಿನಿಂದ ನಡೆಯುವ ಬಡ ಸಂಘಕ್ಕೆ ಆಡಂಬರವಿಲ್ಲ ನಿಜ; ಆದರೆ ಐನೂರು ಮಂದಿಯೂ ಒಂದೇ ದಿನ ಕಾಯಿಲೆ ಬೀಳುವುದಿಲ್ಲ.

ನಮ್ಮ ಹೋಬಳಿಯ ಹಳ್ಳಿಗಳಲ್ಲಿಯೂ ಹಬ್ಬದ ಸಮಯದಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯಗಳು ನಡೆಯುವುವು. ಪ್ರವೇಶಕ್ಕೆ ಹಣವಿಲ್ಲ, ದಾನಿಗಳ ಭಾವಚಿತ್ರವುಳ್ಳ ದೊಡ್ಡ ಫಲಕಗಳು ಬಯಲಿನ ಸುತ್ತ ನಿಲ್ಲುವುವು. ಚುನಾವಣೆ ಹತ್ತಿರವಿರುವ ವರ್ಷ ಬಹುಮಾನ ದೊಡ್ಡದು, ದೂರವಿರುವ ವರ್ಷ ಪಂದ್ಯವೇ ಇಲ್ಲ. ಇದು ಗ್ರೆಟ್ನಾದ ಕಥೆಯೇ. ಗಾತ್ರ ಮಾತ್ರ ಚಿಕ್ಕದು. ಇದರ ಬದಲು ಒಂದು ಊರಿನ ೩೦೦ ಮನೆಗಳವರು ವರ್ಷಕ್ಕೆ ತಲಾ ೫೦ ರೂಪಾಯಿಗಳನ್ನು ಕೊಟ್ಟರೆ ೧೫,೦೦೦ ರೂಪಾಯಿಗಳಾಗುವುವು. ಚೆಂಡು, ಬಲೆ, ಗೆರೆಗೆ ಸುಣ್ಣ, ತೀರ್ಪುಗಾರನ ಪ್ರಯಾಣ, ಪೆಟ್ಟು ಬಿದ್ದ ಹುಡುಗನಿಗೆ ಔಷಧಿ, ಇಷ್ಟಕ್ಕೆ ಅದು ಸಾಕಷ್ಟು ಒದಗುವುದು. ಖರ್ಚಿನ ಲೆಕ್ಕವನ್ನು ಪಂದ್ಯದ ಕಡೆಯ ದಿನ ಎಲ್ಲರೆದುರಿಗೆ ಗಟ್ಟಿಯಾಗಿ ಓದಬೇಕು. ಕೊಟ್ಟವನು ಲೆಕ್ಕ ಕೇಳುವನು, ಕೇಳುವುದಕ್ಕಾದರೂ ಬಯಲಿಗೆ ಬರುವನು, ಬಂದವನು ಮನೆಯವರನ್ನೂ ಕರೆತರುವನು. ಹೆಣ್ಣುಮಕ್ಕಳು ಕುಳಿತು ನೋಡುವುದಕ್ಕೆ ಒಂದು ಕಡೆ ನೆರಳಿನ ಏರ್ಪಾಡನ್ನೂ ಅದೇ ಹಣದಲ್ಲಿ ಮಾಡಿದರೆ ನೋಟಕರ ಸಂಖ್ಯೆಯು ಇಮ್ಮಡಿಯಾಗುವುದರಲ್ಲಿ ಸಂದೇಹವಿಲ್ಲ.

ನಗರದಲ್ಲಿರುವ ವಾಚಕರಿಗೆ ಇನ್ನೊಂದು ವಿಜ್ಞಾಪನೆ. ಮನೆಯ ಮಕ್ಕಳು ರಾತ್ರಿಯೆಲ್ಲ ಎಚ್ಚರವಿದ್ದು ಯೂರೋಪಿನ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುವುದುಂಟಷ್ಟೆ. ತಿಂಗಳಿಗೊಂದು ಮಧ್ಯಾಹ್ನ ಅವರನ್ನು ಕರೆದುಕೊಂಡು ಅಶೋಕನಗರದ ಬಯಲಿಗೆ ಹೋಗಿರಿ. ಚೀಟಿಯಿದ್ದರೆ ಕೊಂಡುಕೊಳ್ಳಿರಿ, ಇಲ್ಲದಿದ್ದರೆ ಆಡುವ ಸಂಘಕ್ಕೆ ಚೆಂಡಿನ ಕಾಸನ್ನಾದರೂ ಕೊಡಿರಿ. ಅಲ್ಲಿ ಆಡುವವರು ಯಾರದೋ ಮನೆಯ ಮಕ್ಕಳು. ಮೆಟ್ಟಿಲಿನ ಮೇಲೆ ಹತ್ತು ಜನ ಹೆಚ್ಚಾಗಿ ಕುಳಿತರೂ ಅದು ಕೆಳಗಿನಿಂದ ಅವರಿಗೆ ಕಾಣುತ್ತದೆ.